ನಾದಿದ ಕೈಗೆ ಕೊನೆಯ ತುಣುಕು

ನಮ್ಮ ಕ್ರೈಸ್ತ ಸಭೆಯ ಹಿರಿಯರು ದಿನಾ ಬೆಳಗಾಗುವ ಮುಂಚೆ ನನ್ನ ಮೊಬೈಲಿಗೆ ದೇವರನ್ನು ಕಳಿಸುತ್ತಾರೆ. ಎರಡು ನಿಮಿಷದ ದೇವರು. ಜೊತೆಗೊಂದು ಚಿತ್ರ ಇರುತ್ತದೆ: ಗುಲಾಬಿ, ಇಲ್ಲವೆ ಜಲಪಾತ, ಇಲ್ಲವೆ ಹಿಮ ಬಿದ್ದ ಗುಡ್ಡದ ಮೇಲೆ ನಿಂತ ಬಿಳಿ ಕುರಿಮರಿ. ನಾನಿರುವುದು ಶಹಾಬಾದಿನಲ್ಲಿ. ಇಲ್ಲಿ ಬೆಳ್ಳಗೆ ಕಾಣುವುದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳಿಂದ ಹರಿದು ಬಂದು ಗಟಾರದಲ್ಲಿ ಒಣಗಿದ ಕೆಸರು. ವಾಡಿಯ ಕಡೆ ಹೋದರೆ ಬೇವಿನ ಎಲೆಯ ಮೇಲೆ ಕುಳಿತ ಸಿಮೆಂಟಿನ ಧೂಳು. ಬೇಸಿಗೆಯಲ್ಲಿ ಅಂಗಳದ ಹಾಸುಗಲ್ಲಿನ ಮೇಲೆ ನೀರು ಚೆಲ್ಲಿದರೆ ಚುರ್ ಎನ್ನುತ್ತದೆ. ಅಂಥ ಊರಿನ ಜನಕ್ಕೆ ಹಿಮದ ಕುರಿಮರಿ ಕಳಿಸುವ ಮನುಷ್ಯ ಕಿಟಕಿಯಿಂದ ಹೊರಗೆ ನೋಡುವುದಿಲ್ಲ, ಇಲ್ಲವೆ ನಮ್ಮನ್ನು ದಡ್ಡರೆಂದು ತಿಳಿದಿದ್ದಾನೆ. ಎರಡನೆಯದೇ ಇರಬೇಕು.

ಮಾತೂ ಚಿತ್ರದ ಹಾಗೇ. ಒಂದು ದಿನ ನಂಬಿಕೆ ಎಂದರೆ ಮೊಬೈಲಿನ ಬ್ಯಾಟರಿ, ಪ್ರಾರ್ಥನೆ ಅದರ ಚಾರ್ಜರ್. ಇನ್ನೊಂದು ದಿನ ಕೃಪೆ ಎಂದರೆ ಕೊಡೆ, ನಾವು ಬಿಚ್ಚಿ ಹಿಡಿಯಬೇಕು ಅಷ್ಟೆ. ಮತ್ತೊಂದು ದಿನ ಕಳೆದುಹೋದ ಕುರಿ. ಕುರಿ ಕಂಡವರ ಮುಂದೆ ಈ ಮಾತು ಆಡಬಾರದು. ನನ್ನ ತವರು ಚಿಂಚೋಳಿಯ ಆಚೆ, ಅಡವಿಯ ಅಂಚಿನ ಹಳ್ಳಿ. ನಮ್ಮಪ್ಪ ಊರವರ ಕುರಿ ಕಾಯುತ್ತಿದ್ದ. ಒಂದು ಕುರಿ ತಪ್ಪಿಸಿಕೊಂಡರೆ ಅಪ್ಪ ಹುಡುಕಿಕೊಂಡು ಹೋಗುತ್ತಿದ್ದ, ನಿಜ. ಸಿಕ್ಕರೆ ಹೆಗಲ ಮೇಲೆ ಹೊತ್ತು ತರುತ್ತಿದ್ದ, ಅದೂ ನಿಜ, ಯಾಕೆಂದರೆ ಅದರ ಕಾಲು ಮುರಿದಿರುತ್ತಿತ್ತು. ಮರುದಿನ ಸಾರಾಗುತ್ತಿತ್ತು. ಹಿರಿಯರ ಸಂದೇಶದಲ್ಲಿ ಆ ಸಾರಿನ ಸುದ್ದಿ ಎಂದೂ ಬರಲಿಲ್ಲ.

ಗುಡ್ಡ ಸರಿಸುವ ನಂಬಿಕೆಯ ಮಾತಂತೂ ವರ್ಷದಲ್ಲಿ ಎಷ್ಟು ಸಲ ಬರುತ್ತದೆಯೋ. ನನ್ನ ಗಂಡ ಭಂಕೂರದ ಕಲ್ಲಿನ ಖಣಿಯಲ್ಲಿ ದುಡಿದವರು. ಹಾರೆ ಹಾಕಿ ಭೂಮಿಯ ಪದರು ಪದರು ಎಬ್ಬಿಸಿದವರು, ಚಾಪೆ ಎತ್ತಿದ ಹಾಗೆ. ಅವರು ಸರಿಸಿದ ಗುಡ್ಡದ ಮೇಲೆ ಈಗ ಎಷ್ಟೋ ಊರಿನ ಜನ ಕೂತು ಉಣ್ಣುತ್ತಾರೆ. ಅವರ ನಂಬಿಕೆ ಎಷ್ಟಿತ್ತೋ ನನಗೆ ಗೊತ್ತಿಲ್ಲ, ಎದೆಯಲ್ಲಿ ಕಲ್ಲಿನ ಪುಡಿ ಮಾತ್ರ ತುಂಬ ಇತ್ತು, ಅದರಿಂದಲೇ ಹೋದರು. ಆ ಸಂದೇಶ ಬಂದ ದಿನ ನಾನು ಮೊಬೈಲನ್ನು, ಅದು ಮಾತಾಡುತ್ತಿರುವಾಗಲೇ, ಜೋಳದ ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕುತ್ತೇನೆ. ಹಿಟ್ಟಿನೊಳಗಿಂದ ಆ ಧ್ವನಿ ಕೇಳಿದರೆ ಸ್ವಲ್ಪ ಸಹ್ಯವಾಗುತ್ತದೆ.

ಈ ಹಿರಿಯರು ಯಾರೆಂದು ಹೇಳಬೇಕು. ರೈಲ್ವೆಯಲ್ಲಿ ಟಿ.ಸಿ. ಆಗಿದ್ದವರು, ವಾಡಿ ಜಂಕ್ಷನ್‌ನಲ್ಲಿ ನೌಕರಿ ಮುಗಿಸಿ ಶಹಾಬಾದಿಗೆ ಬಂದು ಮನೆ ಕಟ್ಟಿಸಿದರು. ಕರಿ ಕೋಟು ಹಾಕಿಕೊಂಡು ಗಾಡಿಯೊಳಗೆ ಬಂದರೆ ಟಿಕೆಟ್ ತೆಗೆಸಿದವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಚಿತ್ತಾಪುರದ ಸಂತೆಗೆ ಹೊರಟ ಮುದುಕಿಯರನ್ನು ಕಾಯಿಪಲ್ಯೆಯ ಬುಟ್ಟಿ ಸಮೇತ ನಡುದಾರಿಯಲ್ಲಿ ಇಳಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅದು ಅವರ ಕೆಲಸ, ಮಾಡಿದರು, ಅದಕ್ಕೆ ನನ್ನದೇನೂ ತಕರಾರಿಲ್ಲ. ಈಗ ಕೋಟು ಇಲ್ಲ. ಧ್ವನಿ ಅದೇ. ಆ ಧ್ವನಿಯಲ್ಲಿ ಬೆಳಗಿನ ಹೊತ್ತು ಕೃಪೆಯ ಸುದ್ದಿ ಹೇಳುತ್ತಾರೆ, ನಡುನಡುವೆ ಹಿಂದೆ ಪಿಟೀಲು ನುಡಿಯುತ್ತದೆ.

ಸಂದೇಶ ಬಂದ ಮೇಲೆ ಗ್ರೂಪಿನಲ್ಲಿರುವವರೆಲ್ಲ ಆಮೆನ್ ಎಂದು ಬರೆಯಬೇಕು. ಬರೆಯದವರನ್ನು ಹಿರಿಯರು ಭಾನುವಾರ ಬಾಗಿಲಲ್ಲಿ ನಿಲ್ಲಿಸಿ ಆರೋಗ್ಯ ವಿಚಾರಿಸುತ್ತಾರೆ. ನಾನು ನಾಲ್ಕನೆಯ ತರಗತಿಯ ತನಕ ಕಲಿತವಳು. ಓದಲು ಬರುತ್ತದೆ, ಕಾಗದದ ಮೇಲೆ ಬರೆಯಲೂ ಬರುತ್ತದೆ, ಈಗ ಬರೆಯುತ್ತಿರುವ ಹಾಗೆ. ಆ ಗಾಜಿನ ಮೇಲೆ ಒಂದೊಂದೇ ಅಕ್ಷರ ಹುಡುಕಿ ಕುಟ್ಟುವ ತಾಳ್ಮೆ ಇಲ್ಲ. ಕೈ ಮುಗಿದ ಚಿತ್ರ ಒಂದಿದೆ, ಅದನ್ನು ಒತ್ತಿ ಬಿಡುತ್ತೇನೆ. ಕೇಳುವ ಮುಂಚೆಯೇ ಒತ್ತುತ್ತೇನೆ. ಬಹಳ ಜನ ಹಾಗೇ ಮಾಡುತ್ತಾರೆಂದು ನನಗೆ ಗೊತ್ತು, ಏಕೆಂದರೆ ಎರಡು ನಿಮಿಷದ ಮಾತಿಗೆ ಅರೆ ನಿಮಿಷದಲ್ಲಿ ಕೈಗಳು ಸಾಲಾಗಿ ಮುಗಿಯುತ್ತವೆ.

ಮನಸ್ಸಿಟ್ಟು ಕೇಳುವವಳು ಒಬ್ಬಳೇ. ನನ್ನ ಮೊಮ್ಮಗಳು.

ನನ್ನ ಮಗಳು ಸತ್ತಾಗ ಈ ಹುಡುಗಿ ಇನ್ನೂ ಹಾಲುಹಲ್ಲಿನವಳು. ಅಪ್ಪ ಬೇರೆ ಮದುವೆಯಾಗಿ ಹೋದ. ನಾನು ಸಾಕಿದೆ, ಎಂದರೆ ಹೊಟ್ಟೆಗೆ ಹಾಕಿದೆ, ಶಾಲೆಗೆ ಅಟ್ಟಿದೆ, ಬಾಯಿ ಜಾಸ್ತಿಯಾದಾಗ ಬಡಿದೆ. ಉಳಿದದ್ದನ್ನು ಅವಳೇ ಬೆಳೆದಳು. ನರ್ಸಿಂಗ್ ಕಲಿತು ಸೇಡಂನ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ಒಬ್ಬನನ್ನು ಮೆಚ್ಚಿ ರಿಜಿಸ್ಟ್ರಿ ಮದುವೆ ಮಾಡಿಕೊಂಡಳು. ಹುಡುಗ ಮಳಖೇಡದವನು, ಬುದ್ಧನನ್ನು ನಂಬುವ ಮನೆ, ಸಿಮೆಂಟಿನ ಕಾರ್ಖಾನೆಯಲ್ಲಿ ಕೆಲಸ. ನನಗೆ ಅವನು ಹಿಡಿಸಲಿಲ್ಲ. ಮಾತು ಕಡಿಮೆ, ಊಟಕ್ಕೆ ಕೂತರೆ ತುಪ್ಪ ಜಾಸ್ತಿ. ಆದರೆ ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ನಮ್ಮ ಸಭೆಯಲ್ಲೇ ಮದುವೆಯಾದ ಎಷ್ಟು ಅಳಿಯಂದಿರ ಬಗ್ಗೆ ಹಾಗೆ ಹೇಳಲು ಬರುತ್ತದೆ?

ನಮ್ಮ ಸಭೆಯಲ್ಲಿ ಒಂದು ಕಟ್ಟಳೆ ಇದೆ. ಹೊರಗಿನವರನ್ನು ಗುಡಿಯ ಆಶೀರ್ವಾದವಿಲ್ಲದೆ ಮದುವೆಯಾದವರು ಪ್ರಭುವಿನ ಭೋಜನಕ್ಕೆ, ಎಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ ರಸಕ್ಕೆ, ಮುಂದೆ ಹೋಗುವಂತಿಲ್ಲ. ಎಲ್ಲರ ಮುಂದೆ ನಿಂತು ತಪ್ಪಾಯಿತು ಎನ್ನಬೇಕು, ಆಮೇಲೆ ಹಿರಿಯರು ಕೂತು ವಿಚಾರ ಮಾಡಬೇಕು. ಹುಡುಗಿ ಹಾಗೆನ್ನಲು ಒಪ್ಪಲಿಲ್ಲ. ಮದುವೆ ತಪ್ಪು ಎಂದು ದೇವರ ಮುಂದೆ ಸುಳ್ಳು ಹೇಳಿ ದೇವರ ರೊಟ್ಟಿ ತಿನ್ನುವುದು ಹೇಗೆ ಎಂದು ನನ್ನನ್ನೇ ಕೇಳಿದಳು. ಹೀಗೆ ಅವಳನ್ನು ರೊಟ್ಟಿಯಿಂದ ತೆಗೆದರು. ಗ್ರೂಪಿನಿಂದ ತೆಗೆಯಲಿಲ್ಲ. ಸಂದೇಶ ಕಳಿಸುವವರಿಗೆ ಕಿವಿ ಬೇಕಲ್ಲ, ಕಿವಿಗೆ ಯಾವ ಕಟ್ಟಳೆಯೂ ಇಲ್ಲ.

ಹೋದ ವರ್ಷ ಅವಳ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ತಿಂಗಳು ತುಂಬುವ ಮುಂಚೆ, ಹೊಟ್ಟೆಯಲ್ಲೇ. ನಾನು ಸೇಡಂಗೆ ಹೋಗಿ ಪಕ್ಕದಲ್ಲಿ ಕೂತಿದ್ದೆ. ತಾನು ಕೆಲಸ ಮಾಡುವ ದವಾಖಾನೆಯಲ್ಲೇ ತಾನೇ ಮಲಗಿಕೊಂಡು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಆ ಎರಡು ನಿಮಿಷದ ಮಾತುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಪ್ರಾರ್ಥನೆ ಮಾಡಿರೆಂದು ಗ್ರೂಪಿಗೆ ಒಂದು ಸಾಲು ಬರೆದಿದ್ದಳು. ಅದಕ್ಕೆ ಹಿರಿಯರು ಕಳಿಸಿದ್ದು ಒಂದು ಗುಲಾಬಿ ಮತ್ತು ಪರೀಕ್ಷೆಯ ಮೇಲೆ ಒಂದು ಸಂದೇಶ. ಆ ಗುಲಾಬಿಯ ಮೇಲೆ ನೀರ ಹನಿ ಬೇರೆ ಇದ್ದವು. ಅದನ್ನು ನೋಡಿ ನನಗೆ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಎದ್ದು ಓಡಾಡುವ ಹಾಗಾದ ಮೇಲೆ ಅವಳಿಗೆ ಒಂದೇ ಹಟ ಹಿಡಿಯಿತು. ಗುಡಿಯಲ್ಲಿ ಮೇಜಿನ ಮುಂದಿರುವ ಆ ಮರದ ಬೇಲಿ, ಆ ಕಟಾಂಜನದ ಮುಂದೆ ಒಮ್ಮೆ ಮೊಣಕಾಲೂರಬೇಕು, ಆ ರೊಟ್ಟಿಯ ತುಣುಕು ತಿನ್ನಬೇಕು. ಅಮ್ಮ ಸತ್ತಾಗಲೂ ಅಲ್ಲೇ ಊರಿದ್ದೆ, ಈಗಲೂ ಅಲ್ಲೇ ಊರಬೇಕು ಎನ್ನುತ್ತಿದ್ದಳು. ನಾನು ಬೇರೆ ಊರಿನ ಸಭೆಗೆ ಹೋಗು, ಅಲ್ಲಿ ಯಾರು ನಿನ್ನ ಜಾತಕ ಕೇಳುತ್ತಾರೆ ಎಂದೆ. ಬೇಡವೆಂದಳು. ಅಲ್ಲೇ ಬೇಕು. ಹೀಗಿರುವಾಗ ಒಂದು ಬುಧವಾರ ಹಿರಿಯರು ತಮ್ಮ ಹಳೆಯ ನೌಕರಿಯನ್ನು ನೆನೆಸಿಕೊಂಡು ಒಂದು ಸಂದೇಶ ಬಿಟ್ಟರು. ಕೃಪೆ ಎಂಬುದು ಒಂದು ಗಾಡಿಯಂತೆ. ಅದಕ್ಕೆ ಟಿಕೆಟ್ ಇಲ್ಲವಂತೆ. ಒಳಗೆ ಯಾರೂ ತಪಾಸು ಮಾಡುವುದಿಲ್ಲವಂತೆ. ಬಾಗಿಲು ತೆರೆದೇ ಇದೆ, ಇದ್ದ ಹಾಗೇ ಹತ್ತಿಬಿಡಿ ಎಂದರು. ಹಿಂದೆ ಪಿಟೀಲಿನ ಬದಲು ಗಾಡಿಯ ಸೀಟಿ ಹಾಕಿದ್ದರು.

ನಾನು ಒಲೆಯ ಮುಂದಿದ್ದೆ. ಫೋನು ಬಂತು.

"ಆಯಿ, ಇವತ್ತಿಂದು ಕೇಳಿದೇನು?"

"ಕೇಳಿಲ್ಲ. ಕೈ ಮುಗ್ದೀನಿ."

"ಕೇಳು ಜರಾ. ನನಗೇ ಹೇಳ್ಯಾರ ಅನಿಸ್ತು. ಈ ಐತಾರ ಭೋಜನ ಅದ ಅಲ್ಲ? ನಾ ಬರ್ತೀನಿ. ಮುಂದ ಹೋಗ್ತೀನಿ."

"ಅಂವ ಮೊಬೈಲಿಗಿ ಹೇಳ್ಯಾನವ್ವ. ನಿನಗಲ್ಲ."

"ನೀ ಯಾವಾಗ್ಲೂ ಹಿಂಗೇ."

ಹೌದು, ನಾನು ಯಾವಾಗಲೂ ಹೀಗೇ. ಆದರೆ ಓದಿದ ಹುಡುಗಿ, ದಿನಾ ಹೆಣ ನೋಡುವವಳು, ರಕ್ತ ತೊಳೆಯುವವಳು, ಒಬ್ಬ ನಿವೃತ್ತ ಟಿ.ಸಿ.ಯ ಬೆಳಗಿನ ಮಾತನ್ನು ನಂಬಿ ಗಾಡಿ ಹತ್ತುತ್ತಾಳೆಂದರೆ ನಾನು ಏನು ಹೇಳಲಿ. ನಂಬಿಕೆ ನಂಬಿಕೆ ಎಂದು ಇವರು ಊದುವುದು ಎಲ್ಲರೂ ಕೈ ಮುಗಿದು ಸುಮ್ಮನಿರುತ್ತಾರೆ ಎಂಬ ಧೈರ್ಯದ ಮೇಲೆ. ಯಾರೋ ಒಬ್ಬರು ನಿಜವಾಗಿ ನಂಬಿ ಬಾಗಿಲಿಗೆ ಬಂದು ನಿಂತರೆ ಇವರ ಕೈಕಾಲು ತಣ್ಣಗಾಗುತ್ತವೆ.

ಇಲ್ಲಿ ರೊಟ್ಟಿಯ ಮಾತು ಹೇಳಬೇಕು. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುವಿನ ಭೋಜನ. ಅದಕ್ಕೆ ಬೇಕಾಗುವ ರೊಟ್ಟಿ ಗೋಧಿಯದು, ಉಪ್ಪಿಲ್ಲ, ಎಣ್ಣೆಯಿಲ್ಲ. ಒಣದ್ರಾಕ್ಷಿ ಕುದಿಸಿ ಹಿಂಡಿದ ರಸ. ಎರಡನ್ನೂ ನಾನೇ ಮಾಡುತ್ತಿದ್ದೆ, ಮದುವೆಯಾಗಿ ಈ ಊರಿಗೆ ಬಂದ ಕೆಲವು ವರ್ಷದ ನಂತರದಿಂದ. ಮಾಡುವುದನ್ನು ಕಲಿತದ್ದು ತವರಿನಲ್ಲಿ, ಅವ್ವನಿಂದ. ನಾದುವಾಗ ತಲೆಯ ಮೇಲೆ ಸೆರಗು ಇರಬೇಕು, ಬಾಯಿ ಮುಚ್ಚಿರಬೇಕು. ಅದಕ್ಕೆಂದೇ ಒಂದು ಕಬ್ಬಿಣದ ಹಂಚು, ಗೋಡೆಯ ಮೊಳೆಗೆ ತೂಗು ಹಾಕಿದ್ದು. ಮನೆಯ ಜೋಳದ ರೊಟ್ಟಿಯನ್ನು ಅದರ ಮೇಲೆ ಬೇಯಿಸುವಂತಿಲ್ಲ. ಅವ್ವ ಕಲಿಸಿದ ಇನ್ನೊಂದು ಪದ್ಧತಿಯನ್ನು ಈ ಊರಿನ ಸಭೆಯೂ ನಾನು ಬಂದ ಮೇಲೆ ಹಿಡಿದುಕೊಂಡಿತು. ರೊಟ್ಟಿ ಮಾಡಿದವಳು ಎಲ್ಲರಿಗಿಂತ ಕೊನೆಗೆ ಮುಂದೆ ಹೋಗುತ್ತಾಳೆ. ತಟ್ಟೆಯಲ್ಲಿ ಉಳಿದದ್ದೆಲ್ಲ ಅವಳದು. ಒಂದು ತುಣುಕು ಉಳಿಯಲಿ, ಹತ್ತು ಉಳಿಯಲಿ, ಅವಳೇ ತಿಂದು ಮುಗಿಸಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ, ಬಿಸಾಡುವಂತಿಲ್ಲ. ನಾದಿದ ಕೈಗೆ ಕೊನೆಯ ತುಣುಕು ಎನ್ನುತ್ತಿದ್ದಳು ಅವ್ವ. ಯಾವ ಪುಸ್ತಕದಲ್ಲಿದೆ ಎಂದು ಒಬ್ಬ ಪಾಸ್ಟರು ಕೇಳಿದ್ದರು. ಪುಸ್ತಕದಲ್ಲಿದ್ದರೆ ನೀವು ಮರೆತಿರುತ್ತಿದ್ದಿರಿ ಎಂದೆ.

ಶನಿವಾರ ಹುಡುಗಿ ಪ್ಯಾಸೆಂಜರ್ ಗಾಡಿಯಲ್ಲಿ ಬಂದಳು. ಆ ವಾರವೇ ನಾನು ಬಚ್ಚಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಊದಿಸಿಕೊಂಡಿದ್ದೆ. ಚಹದ ಬಟ್ಟಲು ಎತ್ತಲೂ ಆಗುತ್ತಿರಲಿಲ್ಲ. ಕೈಯನ್ನು ಹಸ್ತರೇಖೆ ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿ, ಎಲುಬು ಸರಿ ಇದೆ ಎಂದಳು, ಏನೋ ಹಚ್ಚಿ ಪಟ್ಟಿ ಕಟ್ಟಿದಳು. ರೊಟ್ಟಿಯ ಕೆಲಸವನ್ನು ಹಿರಿಯರ ಹೆಂಡತಿಗೆ ಒಪ್ಪಿಸಬಹುದಿತ್ತು. ಆಕೆಯ ಕೈಯ ಚಪಾತಿಯನ್ನು ನಾನು ಒಮ್ಮೆ ತಿಂದಿದ್ದೇನೆ. ಪ್ರಭುವಿಗೆ ಆ ಕಷ್ಟವನ್ನು ಮತ್ತೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಭಾನುವಾರ ಬೆಳಕು ಹರಿದಾಗ ನಾನು ಒಂದೇ ಕೈಯಲ್ಲಿ ಹಿಟ್ಟು ಕಲಸಲು ಹೋಗಿ ನೀರು ಚೆಲ್ಲಿಕೊಂಡು ಕೂತಿದ್ದೆ. ಹುಡುಗಿ ಬಂದು ಪರಾತ ಎಳೆದುಕೊಂಡಳು. ಹಿಟ್ಟಿನ ಮೇಲೆ ಕೈ ಇಟ್ಟವಳು ನಿಂತಳು.

"ಆಯಿ, ನಾ ಮಾಡಬಹುದೇನು ಇದು?"

"ಹಿಟ್ಟಿಗಿ ನಿನ್ನ ಮದಿವಿ ಸುದ್ದಿ ಗೊತ್ತಿಲ್ಲ. ನಾದು."

ಸೆರಗು ಇರಲಿಲ್ಲ, ದುಪ್ಪಟ್ಟಾ ತಲೆಯ ಮೇಲೆ ಹಾಕಿಕೊಂಡು ನಾದಿದಳು. ಬಾಯಿ ಬಿಡಲಿಲ್ಲ. ಲಟ್ಟಿಸಿ ಹಂಚಿನ ಮೇಲೆ ಹಾಕಿದಳು, ಬಟ್ಟೆಯಿಂದ ಒತ್ತಿ ಬೇಯಿಸಿದಳು. ನಾನು ನೋಡುತ್ತ ಕೂತಿದ್ದೆ. ಕೊನೆಯ ತುಣುಕು ಯಾರದೆಂಬ ವಿಚಾರ ಆಗಲೇ ನನ್ನ ತಲೆಗೆ ಬಂದಿತ್ತು. ಬರಲಿಲ್ಲ ಎಂದು ಹೇಳಿ ಒಳ್ಳೆಯವಳಾಗುವ ಇರಾದೆ ನನಗಿಲ್ಲ. ಅವಳಿಗೆ ಮಾತ್ರ ಹೇಳಲಿಲ್ಲ. ಅವಳ ತಲೆಯ ತುಂಬ ಟಿಕೆಟ್ ಇಲ್ಲದ ಗಾಡಿ ಓಡುತ್ತಿತ್ತು. ಎಲ್ಲರ ಜೊತೆ ಎದ್ದು ಹೋಗುತ್ತೇನೆ, ಯಾರೂ ತಡೆಯುವುದಿಲ್ಲ ಎಂದೇ ಅವಳು ತಿಳಿದಿದ್ದಳು.

ನಮ್ಮ ಗುಡಿ ಸಣ್ಣದು. ಕೆಳಗೆ ಹಾಸುಗಲ್ಲು, ಮೇಲೆ ತಗಡು, ಜಮಖಾನದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಪಾಸ್ಟರು ಹೊಸಬರು, ಇನ್ನೂ ಮದುವೆಯಾಗಿಲ್ಲ, ಚಿತ್ತಾಪುರ ವಾಡಿ ಕಡೆಯ ಸಭೆಗಳನ್ನೂ ನೋಡಿಕೊಂಡು ಬೈಕಿನ ಮೇಲೆ ತಿರುಗುತ್ತಾರೆ. ಪಾಪದ ಮನುಷ್ಯ. ಯಾವ ಊರಿಗೆ ಹೋದರೂ ಒಬ್ಬ ಹಿರಿಯ ಅವರ ಬಲಗಡೆ ನಿಂತಿರುತ್ತಾನೆ. ನಮ್ಮ ಹಿರಿಯರು ಭೋಜನದ ಹೊತ್ತಿಗೆ ಕಟಾಂಜನದ ತುದಿಯಲ್ಲಿ ನಿಲ್ಲುತ್ತಾರೆ. ಒಂದೊಂದು ಸಾಲು ಎದ್ದು ಬರುವಾಗ ಮುಖ ನೋಡಿ ಬಿಡುತ್ತಾರೆ. ನಿಲ್ಲು ಎಂದು ಅವರಿಗೆ ಯಾರೂ ಹೇಳಿಲ್ಲ. ಬೋಗಿಯ ಬಾಗಿಲು ಬಿಟ್ಟು ಬಂದರೂ ಕಾಲು ಬಾಗಿಲಲ್ಲೇ ಇದೆ.

ಗಂಡಸರು ಮುಗಿದರು. ಹೆಂಗಸರ ಸಾಲು ಎದ್ದಿತು, ಹುಡುಗಿ ಎದ್ದಳು. ತುದಿಗೆ ಬಂದಾಗ ಹಿರಿಯರು ಕೈ ಅಡ್ಡ ಮಾಡಿದರು. ಗದರಲಿಲ್ಲ, ಅದು ಇನ್ನೂ ಕೆಟ್ಟದ್ದು. ಬೆಳಗಿನ ಸಂದೇಶದ ಮೆತ್ತನೆ ದನಿಯಲ್ಲಿ, ನೀ ಕುಂದ್ರವ್ವ, ನಿಂದು ಇನ್ನಾ ಮಾತಾಡೂದು ಅದ ಎಂದರು. ಹಿಂದೆ ಇದ್ದ ಹೆಂಗಸರು ಅವಳನ್ನು ಸುತ್ತಿ ಮುಂದೆ ಹೋದರು, ದಾರಿಯಲ್ಲಿ ಬಿದ್ದ ಕಲ್ಲನ್ನು ಸುತ್ತಿ ಹೋಗುವ ಹಾಗೆ. ಅವಳು ಬಂದು ನನ್ನ ಪಕ್ಕ ಕೂತಳು. ಅಳಲಿಲ್ಲ. ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು ಇತ್ತು, ಅದನ್ನು ಕೆರೆದು ತೆಗೆಯುತ್ತ ಕೂತಳು. ಅವಳ ಮುಖ ನೋಡಿದೆ. ದವಾಖಾನೆಯಲ್ಲಿ ಗೋಡೆಯ ಕಡೆ ತಿರುಗಿದ್ದಾಗ ಇದ್ದ ಮುಖವೇ.

ಸಾಲುಗಳು ಮುಗಿದವು. ಪಾಸ್ಟರು ತಟ್ಟೆ ಹಿಡಿದು, ರೊಟ್ಟಿ ಮಾಡಿದವರು ಬರಬೇಕು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಏಳಲಿಲ್ಲ.

"ಯಕ್ಕಾ, ಏಳ್ರಿ," ಎಂದರು ಹಿರಿಯರು. "ಪಾಸ್ಟರ್ ಕಾಯಲಿಕತ್ತಾರ."

"ಮಾಡಿದಾಕಿ ಏಳ್ತಾಳ. ನಾ ಮಾಡಿಲ್ಲ." ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದೆ. "ನಾದಿದಾಕಿ, ಲಟ್ಟಿಸಿದಾಕಿ, ಬೇಯಿಸಿದಾಕಿ ಈಕಿ."

ಹಿರಿಯರ ಹೆಂಡತಿ ಗಂಟಲು ಮುಟ್ಟಿಕೊಂಡಳು, ಮೀನಿನ ಮುಳ್ಳು ಸಿಕ್ಕಿದವಳ ಹಾಗೆ. ಹುಡುಗಿ ನನ್ನ ಸೀರೆಯ ಅಂಚು ಹಿಡಿದು ಎಳೆದಳು. ನಾನು ಅವಳ ಕೈ ತೆಗೆದೆ.

ಸಭೆಗೆ ಹೇಳದೆ ಇಂಥ ಕೆಲಸ ಮಾಡಬಾರದಿತ್ತು ಎಂದು ಹಿರಿಯರು ಶುರು ಮಾಡಿದರು. ಹಾಗಾದರೆ ಆ ರೊಟ್ಟಿ, ಎಂದು ಅಲ್ಲಿಗೇ ನಿಂತರು, ಏಕೆಂದರೆ ಆ ರೊಟ್ಟಿ ಅವರ ಹೊಟ್ಟೆಯಲ್ಲೇ ಇತ್ತು. ಎಲ್ಲರಿಗಿಂತ ಮೊದಲು ತಿಂದವರು ಅವರೇ.

"ಆ ರೊಟ್ಟಿಗಿ ಏನಾಗ್ಯಾದ?" ಎಂದೆ. "ತಿನಬಾರದಿತ್ತು ಅಂದ್ರ ಉಗುಳ್ರಿ."

"ಯಕ್ಕಾ, ದೇವರ ಮನ್ಯಾಗ ಹಿಂಗ ಮಾತಾಡಬ್ಯಾಡ್ರಿ. ನಿಯಮ ಅಂಬೂದು ಅದ."

"ತಮ್ಮಾ," ಎಂದೆ. ಅವರು ನನಗಿಂತ ಚಿಕ್ಕವರು. ಆದರೂ ಅಲ್ಲಿಯ ತನಕ ನಾನು ಅವರನ್ನು ಹಾಗೆ ಕರೆದಿರಲಿಲ್ಲ. "ಬುಧವಾರ ಟಿಕೆಟ್ ಬ್ಯಾಡ ಅಂದಾಂವ ನೀನೇ. ತಪಾಸು ಇಲ್ಲ ಅಂದಾಂವ ನೀನೇ. ಈ ಹುಡುಗಿ ಅದನ್ನ ನಂಬಿ ಸೇಡಂನಿಂದ ಬಂದಾಳ."

ಹಿರಿಯರು ಪಾಸ್ಟರ ಕಡೆ ನೋಡಿದರು, ಜನರ ಕಡೆ ನೋಡಿದರು. ಆಮೇಲೆ ನನಗೆ ತಿಳಿಹೇಳುವವರ ಹಾಗೆ, ಮೆಲ್ಲಗೆ ಹೇಳಿದರು:

"ಅದು ಸಂದೇಶ, ಯಕ್ಕಾ."

ಇಷ್ಟು ವರ್ಷ ಅವರ ಬಾಯಿಂದ ಎಷ್ಟೋ ಕೇಳಿದ್ದೇನೆ. ಅಷ್ಟು ಖರೆ ಮಾತು ಅದೊಂದೇ. ಅದು ಸಂದೇಶ. ಸಂದೇಶವನ್ನು ಯಾರಾದರೂ ನಂಬುತ್ತಾರೆಯೇ? ನಗು ಬಂತು, ನಕ್ಕೆ. ಹಿಂದಿನ ಸಾಲಿನಲ್ಲಿ ಮತ್ತೊಬ್ಬಳು ಮುದುಕಿಯೂ ನಕ್ಕಳು; ಚಿತ್ತಾಪುರದ ಸಂತೆಗೆ ಹೋಗುವವರಲ್ಲಿ ಅವಳೂ ಒಬ್ಬಳು.

ಪಾಸ್ಟರು ಬೆವರುತ್ತಿದ್ದರು. ಅವರ ಕಷ್ಟವನ್ನು ನಾನು ಬಲ್ಲೆ. ಕೊಟ್ಟರೆ ಹಿರಿಯರ ಕೈಲಿ ಉಳಿಗಾಲವಿಲ್ಲ. ಕೊಡದಿದ್ದರೆ ತಟ್ಟೆಯಲ್ಲಿ ಉಳಿದ ತುಣುಕುಗಳನ್ನು ಏನು ಮಾಡುವುದು? ಮಾಡಿದವಳ ಹೊರತು ಬೇರೆಯವರು ಮುಟ್ಟುವಂತಿಲ್ಲ, ಬಿಸಾಡುವಂತಿಲ್ಲ, ಬೈಕಿನ ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲ. ಜನ ನೋಡುತ್ತಿದ್ದಾರೆ. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತಟ್ಟೆಯನ್ನು ಕಟಾಂಜನದ ಮೇಲೆ ಇಟ್ಟರು, ಬಟ್ಟಲನ್ನು ಪಕ್ಕದಲ್ಲಿ ಇಟ್ಟರು, ನಮ್ಮ ಕಡೆ ಬೆನ್ನು ಮಾಡಿ ಮೇಜಿನ ಮೇಲಿನ ಬಿಳಿ ಬಟ್ಟೆ ಮಡಿಸತೊಡಗಿದರು. ಅಷ್ಟು ಸಣ್ಣ ಬಟ್ಟೆಯನ್ನು ಅಷ್ಟು ಹೊತ್ತು ಮಡಿಸುವುದನ್ನು ನಾನು ಎಲ್ಲೂ ನೋಡಿಲ್ಲ.

ಹುಡುಗಿ ಕೂತೇ ಇದ್ದಳು. ಏಳಲಿಕ್ಕಿಲ್ಲ ಎಂದುಕೊಂಡೆ. ಇಷ್ಟಾದ ಮೇಲೆ ಯಾರಿಗೆ ಬೇಕು. ನಾನಾಗಿದ್ದರೆ ತಟ್ಟೆಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿ ಹೋಗುತ್ತಿದ್ದೆ. ಅವಳು ಎದ್ದಳು. ದುಪ್ಪಟ್ಟಾ ಸರಿ ಮಾಡಿಕೊಂಡು ಹಿರಿಯರ ಮುಂದೆಯೇ ನಡೆದಳು; ಅವರ ಕೈ ಈ ಸಲ ಕಿಸೆಯ ಹತ್ತಿರ ಇತ್ತು. ಮೊಣಕಾಲೂರಿ ತಟ್ಟೆಯಲ್ಲಿದ್ದ ತುಣುಕುಗಳನ್ನು ಒಂದೊಂದಾಗಿ ತಿಂದಳು. ಅವತ್ತು ಜನ ಕಡಿಮೆ, ತುಣುಕು ಬಹಳ ಉಳಿದಿದ್ದವು. ಅಗಿಯುವುದು ನಮಗೆಲ್ಲ ಕೇಳುತ್ತಿತ್ತು. ಎಲ್ಲ ಮುಗಿಸಿ, ಬಟ್ಟಲಿನಲ್ಲಿದ್ದದ್ದನ್ನೂ ಕುಡಿದು, ಹಣೆಯನ್ನು ಕಟಾಂಜನಕ್ಕೆ ಹಚ್ಚಿ ಹಾಗೇ ಇದ್ದಳು. ಆಗ ಅವಳ ಬೆನ್ನು ಅಲುಗಿತು. ಅಲ್ಲಿಗೆ ನಾನು ಕಿಟಕಿಯ ಕಡೆ ನೋಡಿದೆ.

ಸಂಜೆಯ ಗಾಡಿಗೆ ಬಿಡಲು ಹೋಗಿದ್ದೆ. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಕೂತು ಜಗಳವಾಡಿದೆವು. ಪಾಸ್ಟರು ಕೊಟ್ಟರು ಎಂದು ಅವಳು. ಕೊಡಲಿಲ್ಲ, ಬಿಟ್ಟು ಬೆನ್ನು ತಿರುಗಿಸಿದರು ಎಂದು ನಾನು. ಅವರ ಕೈಲಿ ಆಗುವಷ್ಟು ಕೊಟ್ಟರು ಎಂದಳು. ನಾಯಿಗೂ ಹಾಗೇ ಇಡುತ್ತಾರೆ ಎಂದೆ. ಅವಳಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು. ಬಹಳ ದಿನದ ಮೇಲೆ ಹಸಿವಾಗಿದೆ ಎಂದಳು, ಒಂದು ಪೊಟ್ಟಣ ಮಿರ್ಚಿ ಭಜಿ ತಿಂದಳು.

"ಆಯಿ, ರೊಟ್ಟಿ ಜರಾ ಗಟ್ಟಿ ಆಗಿತ್ತಲ್ಲ?"

"ನೀರು ಕಡಿಮಿ ಹಾಕ್ದಿ."

ಗಾಡಿ ಬಂತು. ಟಿಕೆಟ್ ತೆಗೆಸಿದ್ದಾಳೋ ಇಲ್ಲವೋ ಎಂದು ಕೇಳಿ ನೋಡಿಯೇ ಹತ್ತಿಸಿದೆ.

ಸೋಮವಾರದ ಸಂದೇಶ ನಾಲಿಗೆಯ ಮೇಲೆ ಹತೋಟಿ ಇಡುವುದರ ಬಗ್ಗೆ ಇತ್ತು. ಹೆಸರು ಹೇಳಲಿಲ್ಲ. ವಯಸ್ಸಾದ ಹೆಂಗಸರ ಸಿಟ್ಟು ಹಳೆಯ ತುಕ್ಕಿನ ಹಾಗೆ ಎಂದರು. ಚಿತ್ರ ಮತ್ತೆ ಕುರಿಮರಿ. ನಾನು ಕೈ ಮುಗಿಯಲಿಲ್ಲ. ಹುಡುಗಿ ಮಾತ್ರ ಅದಕ್ಕೂ ಆಮೆನ್ ಎಂದು ಪೂರಾ ಅಕ್ಷರದಲ್ಲಿ ಬರೆದಿದ್ದಳು. ನಿನ್ನ ಅಜ್ಜಿಯನ್ನು ಬೈದದ್ದಕ್ಕೆ ಆಮೆನ್ನೇ ಎಂದು ಫೋನು ಮಾಡಿ ಕೇಳಿದೆ. ಮಾತು ನಿಜವೇ ಇದೆಯಲ್ಲ ಎಂದಳು. ಈ ಮಂದಿಗೆ ಏನು ಹೇಳುವುದು.

ಮುಂದಿನ ತಿಂಗಳು ಅವಳು ಮತ್ತೆ ಬಂದಳು. ಸಾಲಿನಲ್ಲಿ ಎದ್ದಳು. ಹಿರಿಯರು ತುದಿಯಲ್ಲಿ ನಿಂತು ಪಂಖದ ಕಡೆ ನೋಡುತ್ತಿದ್ದರು. ತಡೆದರೆ ಹೋದ ತಿಂಗಳು ಎಲ್ಲರೂ ತಿಂದದ್ದು ಏನು ಎಂಬ ಮಾತು ಮತ್ತೆ ಏಳುತ್ತದೆ, ಅದು ಅವರಿಗೂ ಗೊತ್ತು. ಯಾರೂ ಕ್ಷಮಿಸಲಿಲ್ಲ, ಯಾರೂ ಕರೆಯಲಿಲ್ಲ, ಕಟ್ಟಳೆಯೂ ಹಾಗೇ ಇದೆ. ಬಾಗಿಲಲ್ಲಿ ನಿಂತವನು ಬೇರೆ ಕಡೆ ನೋಡುತ್ತಾನೆ, ಇವಳು ಒಳಗೆ ಹೋಗುತ್ತಾಳೆ, ಅಷ್ಟೆ. ಇದನ್ನೇ ಹುಡುಗಿ ಕೃಪೆ ಎನ್ನುತ್ತಾಳೆ. ನಮ್ಮ ಕಡೆ ಇದಕ್ಕೆ ಮುಜುಗರ ಎನ್ನುತ್ತಾರೆ.

ರೊಟ್ಟಿಯ ಕೆಲಸ ನನ್ನಿಂದ ಹೋಯಿತು. ನಿಮ್ಮ ಕೈಗೆ ವಿಶ್ರಾಂತಿ ಬೇಕು ಎಂದು ಹಿರಿಯರ ಹೆಂಡತಿ ಮನೆಗೇ ಬಂದು, ಎರಡು ಬಾಳೆಹಣ್ಣು ಕೊಟ್ಟು ಹೇಳಿದಳು. ನನ್ನ ಕೈ ಆಗಲೇ ನೆಟ್ಟಗಾಗಿತ್ತು, ಆ ಕೈಯಿಂದಲೇ ಬಾಳೆಹಣ್ಣು ತಗೊಂಡೆ. ಈಗ ಭೋಜನಕ್ಕೆ ಬೇಕರಿಯಿಂದ ಬ್ರೆಡ್ ತರುತ್ತಾರೆ, ಅಂಚು ಕತ್ತರಿಸಿ ತುಣುಕು ಮಾಡುತ್ತಾರೆ. ಸಿಹಿ ಇರುತ್ತದೆ, ಹಲ್ಲಿಗೆ ಅಂಟುತ್ತದೆ. ಯಾರ ಕೈ ಮಾಡಿದ್ದೋ ಯಾರಿಗೂ ಗೊತ್ತಿಲ್ಲ, ಹಾಗಾಗಿ ಕೊನೆಗೆ ಯಾರನ್ನೂ ಕರೆಯುವುದಿಲ್ಲ. ಉಳಿದದ್ದನ್ನು ಹಿರಿಯರು ಪೊಟ್ಟಣ ಕಟ್ಟಿ ಮನೆಗೆ ಒಯ್ಯುತ್ತಾರೆಂದು ಕೇಳಿದ್ದೇನೆ. ಚಹದ ಜೊತೆ ಚೆನ್ನಾಗಿರಬಹುದು.

ಹಂಚನ್ನು ಕೆಲವು ವಾರ ಮೊಳೆಯ ಮೇಲೇ ಬಿಟ್ಟಿದ್ದೆ. ತುಕ್ಕು ಹಿಡಿಯತೊಡಗಿತು. ಒಂದು ದಿನ ಇಳಿಸಿ, ಬೂದಿ ಹಚ್ಚಿ ತಿಕ್ಕಿ, ಒಲೆಯ ಮೇಲೆ ಇಟ್ಟು ಜೋಳದ ರೊಟ್ಟಿ ಹಾಕಿದೆ. ಅವ್ವ ಇದ್ದಿದ್ದರೆ ಕೈಗೆ ಬರೆ ಹಾಕುತ್ತಿದ್ದಳು. ಒಳ್ಳೆಯ ಹಂಚು, ದಪ್ಪ ಕಬ್ಬಿಣ, ಇಷ್ಟು ವರ್ಷ ತಿಂಗಳಿಗೊಮ್ಮೆ ಬಿಸಿಯಾಗಿ ಸುಮ್ಮನೆ ತೂಗಾಡಿಕೊಂಡಿತ್ತು. ರೊಟ್ಟಿ ಪೂರಾ ಉಬ್ಬಿತು. ಜೋಳದ ಹಿಟ್ಟಿನ ಡಬ್ಬಿಯೊಳಗಿಂದ ಹಿರಿಯರು ಏನೋ ಹೇಳುತ್ತಿದ್ದರು, ಹಿಟ್ಟು ತೆಗೆಯಲು ಮುಚ್ಚಳ ತೆರೆದಾಗ ಒಂದು ಮಾತು ಕೇಳಿತು, ಮುಚ್ಚಿದೆ.